ಚಾಳೀಸಿಗೆ ಬಂದಾಗ ಇನ್ನು ಮನೆಯವರ ಕಣ್ಣಿನ ಬಗ್ಗೆಯೂ ಕೇಳುತ್ತೇವೆ

ಪ್ರೀತಿಯ ಗಿರಾಕಿಗಳೇ, ಎಲ್ಲರಿಗೂ ಶರಣು.

ಬರುವ ಒಂದನೇ ತಾರೀಖಿನಿಂದ ಕಲಬುರಗಿಯ ನಮ್ಮ ಕನ್ನಡಕದ ಅಂಗಡಿಯಲ್ಲಿ ಒಂದು ಬದಲಾವಣೆ ಇದೆ. ನಂಬರ್ ತೆಗೆಯುವ ಮೊದಲು, 'ಅಪ್ಪ, ಅವ್ವ, ಒಡಹುಟ್ಟಿದವರು ಯಾರಿಗಾದರೂ ಕಣ್ಣಿನ ಪ್ರೆಶರ್ ಇದೆಯಾ?' ಎಂದು ಕೇಳಿ ಕಾರ್ಡಿನಲ್ಲಿ ಬರೆದುಕೊಳ್ಳುತ್ತೇವೆ. ಹೌದು ಅಂದವರಿಗೆ ಚಾಳೀಸು ಅದೇ ದಿನ ಸಿಗುವುದಿಲ್ಲ. ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ ಬರಬೇಕು. ಅವರ ಚೀಟಿ ನೋಡಿದ ಮೇಲೇ ಗಾಜು ಕೂಡಿಸುತ್ತೇವೆ.

ಆಳಂದ, ಜೇವರ್ಗಿ ಕಡೆಯಿಂದ ಬಸ್ಸಿಗೆ ಬಂದು ಸಂಜೆಯೊಳಗೆ ಚಾಳೀಸು ಹಾಕಿಕೊಂಡು ಹೋಗುವವರೇ ನಮ್ಮಲ್ಲಿ ಜಾಸ್ತಿ. ಅವರಿಗೆ ಬೇಸರ ಆಗುತ್ತದೆ, ಗೊತ್ತು. ಆದರೆ ನಮ್ಮಿಂದ ಒಂದು ತಪ್ಪಾಗಿದೆ.

ಹಳೇ ಗಿರಾಕಿ ಒಬ್ಬ ಕಾಕಾ ಒಂದೇ ವರ್ಷದಲ್ಲಿ ಮೂರು ಸಲ ಬಂದರು. 'ನಂಬರ್ ಬರೋಬರಿ ಬಂದಿಲ್ರೀ' ಅನ್ನುತ್ತಿದ್ದರು. ಬೋರ್ಡಿನ ಕೊನೇ ಸಾಲಿನ ತನಕ ಸಲೀಸಾಗಿ ಓದುತ್ತಿದ್ದರು. ನಾವು ಸುಮ್ನೆ ಫ್ರೇಮ್ ಬಗ್ಗಿಸಿ, ಗಾಜು ಬದಲಿಸಿ ಕಳಿಸಿದೆವು. ಮೂರನೇ ಸಲ, ಎಡಗಡೆ ಇಟ್ಟಿದ್ದ ಚಹಾದ ಕಪ್ಪು ಅವರ ಮೊಳಕೈ ತಾಗಿ ಬಿತ್ತು. ಅದು ಅವರಿಗೆ ಕಂಡೇ ಇರಲಿಲ್ಲ. ಮಾತಿಗೆ ಮಾತು ಬಂದು, ಅವರ ಅಣ್ಣ ಎಂಟು ವರ್ಷದಿಂದ ಪ್ರೆಶರ್ ಹನಿ ಹಾಕಿಕೊಳ್ಳುತ್ತಿದ್ದಾರೆ ಅಂತ ಆಗ ತಿಳಿಯಿತು. ಡಾಕ್ಟರು ಗ್ಲಕೋಮಾ ಅಂದರು, ಅಂದರೆ ಹೆಚ್ಚಾಗಿ ಕಣ್ಣಿನ ಪ್ರೆಶರ್ ಏರಿ ಕಣ್ಣಿನ ನರ ಕೆಡುವ ರೋಗ. ಅದು ನೋಟವನ್ನು ಅಂಚಿನಿಂದ ತಿನ್ನುತ್ತಾ ಬರುತ್ತದೆ, ನಡುವಿನ ನೋಟ ಕೊನೆಗೆ ಹೋಗುತ್ತದೆ. ಬೋರ್ಡ್ ಓದಿಸುವ ನಮಗೆ ಎಲ್ಲಿಂದ ಸಿಗಬೇಕು? ಮೋತಿಬಿಂದು (ಕಣ್ಣಿನ ಪೊರೆ) ಆದರೆ ಆಪರೇಷನ್ ಮಾಡಿಸಬಹುದು. ಗ್ಲಕೋಮಾದಲ್ಲಿ ಹೋದ ನೋಟ ಹೋದದ್ದೇ, ಉಳಿದದ್ದನ್ನು ಕಾಯಬೇಕು.

ಈ ರೋಗ ಮನೆತನ ಹಿಡಿದು ಬರುತ್ತದೆ. ನೆದರ್ಲೆಂಡ್ಸಿನ ರಾಟರ್‌ಡ್ಯಾಮಿನಲ್ಲಿ ರೋಗಿಗಳ ಒಡಹುಟ್ಟಿದವರನ್ನೂ ಮಕ್ಕಳನ್ನೂ ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಅವರಿಗೆ ಅಪಾಯ ಉಳಿದವರಿಗಿಂತ ಸುಮಾರು 9 ಪಟ್ಟು. ಹಾಗಂತ ಒಂದೇ ಜೀನ್ (ವಂಶವಾಹಿ) ಮೇಲೆ ತಪ್ಪು ಹೊರಿಸಲು ಆಗುವುದಿಲ್ಲ. 1997ರಲ್ಲಿ ಗುರುತಿಸಿದ ಮಯೋಸಿಲಿನ್ ಜೀನ್ ಕೆಟ್ಟಿದ್ದರೆ ಚಿಕ್ಕ ವಯಸ್ಸಿಗೇ ಪ್ರೆಶರ್ ಏರಬಹುದು. ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಗಿದ್ದರೂ ಮಗುವಿಗೆ ಆ ಜೀನ್ ಬರುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ಅಂಥವರು ಕಡಿಮೆ. ಬಾಕಿಯವರಲ್ಲಿ ಹತ್ತಾರು ಜೀನ್‌ಗಳದ್ದು ಚೂರು ಚೂರು ಪಾಲು, ಮೇಲೆ ವಯಸ್ಸು. ಹಾಗಾಗಿ ದುಡ್ಡು ಸುರಿದು ಜೀನ್ ಟೆಸ್ಟ್ ಮಾಡಿಸಿ ಅಂತ ನಾವು ಹೇಳುತ್ತಿಲ್ಲ. ಕಣ್ಣು ತೋರಿಸಿ, ಸಾಕು.

ಕೂಸುಗಳ ಮಾತು ಬೇರೆ. ನಮ್ಮ ಕಡೆ ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಳ್ಳುವುದು ಇದ್ದೇ ಇದೆ. ಹುಟ್ಟುತ್ತಲೇ ಬರುವ ಗ್ಲಕೋಮಾದಲ್ಲಿ ಸಿವೈಪಿ1ಬಿ1 ಎಂಬ ಜೀನಿನ ಕೈವಾಡ ದೊಡ್ಡದು. ಗಂಡ ಹೆಂಡತಿ ಇಬ್ಬರಲ್ಲೂ ಅದರ ಒಂದೊಂದು ಪ್ರತಿ ಕೆಟ್ಟಿದ್ದರೆ ಅವರಿಗೇನೂ ಆಗಿರುವುದಿಲ್ಲ, ಆದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ರಕ್ತಸಂಬಂಧದಲ್ಲಿ ಇಬ್ಬರಿಗೂ ಅದೇ ಕೆಟ್ಟ ಪ್ರತಿ ಬಂದಿರುವುದು ಜಾಸ್ತಿ. 'ಕೂಸಿನ ಕಣ್ಣು ಎಷ್ಟು ದೊಡ್ಡವು!' ಅಂತ ದೃಷ್ಟಿ ತೆಗೆಯುತ್ತೇವೆ ಅಲ್ವಾ? ಆ ಕಣ್ಣಲ್ಲಿ ಸದಾ ನೀರು ಸೋರುತ್ತಿದ್ದರೆ, ಬೆಳಕಿಗೆ ಕೂಸು ಮುಖ ತಿರುಗಿಸಿದರೆ, ಕಪ್ಪು ಭಾಗ ಮಬ್ಬಾಗಿ ಕಂಡರೆ ಆವತ್ತೇ ಡಾಕ್ಟರ್ ಹತ್ತಿರ ಒಯ್ಯಿರಿ.

'ಪ್ರೆಶರ್ ನೋಡುವ ಮಷೀನ್ ನೀವೇ ತರಬಹುದಿತ್ತಲ್ಲ' ಅಂತ ಒಬ್ಬ ಅಕ್ಕಾ ಕೇಳಿದರು. ಸಾಮಾನ್ಯವಾಗಿ ಪ್ರೆಶರ್ 10ರಿಂದ 21 ಮಿ.ಮೀ. ಪಾದರಸದ ಒಳಗಿದ್ದರೆ ಸರಿ ಅನ್ನುತ್ತಾರೆ. ಆದರೆ ಅಷ್ಟರೊಳಗೇ ಇದ್ದವರ ಕಣ್ಣಿನ ನರವೂ ಕೆಡುವುದುಂಟು. ಡಾಕ್ಟರು ಒಳಗಿನ ನರ ನೋಡಲೇಬೇಕು. ನಾವು ಮಷೀನ್ ಇಟ್ಟು 'ಸರಿ ಇದೆ' ಅಂದುಬಿಟ್ಟರೆ ಕಾಕಾನ ಕಥೆಯೇ ಮತ್ತೊಮ್ಮೆ.

ಯಾವ ಡಾಕ್ಟರ್ ಅನ್ನುವುದು ನಿಮ್ಮಿಷ್ಟ. ನಮಗೆ ಯಾರಿಂದಲೂ ಕಮಿಷನ್ ಇಲ್ಲ. ಪಾಪೆ ದೊಡ್ಡದಾಗಲು ಹನಿ ಹಾಕುತ್ತಾರೆ, ಕೆಲ ಹೊತ್ತು ಮಂಜು ಮಂಜು ಕಾಣುತ್ತದೆ, ಗಾಡಿ ಓಡಿಸಬೇಡಿ. ಮನೆಯಲ್ಲಿ ಯಾರಿಗೂ ಇಲ್ಲದಿದ್ದರೂ ನಲವತ್ತು ದಾಟಿದವರು ಒಮ್ಮೆ ತೋರಿಸಿ. ಚಾಳೀಸು ಅಂದರೆನೇ ನಲವತ್ತು ತಾನೇ? ಈಗಾಗಲೇ ಅಡ್ವಾನ್ಸ್ ಕೊಟ್ಟವರ ಕನ್ನಡಕ ಹೇಳಿದ ದಿನವೇ ಸಿಗುತ್ತದೆ.

ಅಂಗಡಿಗೆ ಬರುವಾಗ ಮನೆಯವರು ಹಾಕಿಕೊಳ್ಳುವ ಹನಿಯ ಹೆಸರು ನೆನಪಾಗದಿದ್ದರೆ ಬಾಟ್ಲಿಯ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡು ಬನ್ನಿ.

ನಿಮ್ಮ ಕನ್ನಡಕದ ಅಂಗಡಿಯವರು
ಕಲಬುರಗಿ