ನಿಂತ ಲೋಡರ್‌ಗೆ ನ್ಯೂಟ್ರಲ್ ಇಲ್ಲ, ಜಗ್ಗಬೇಡಿ

ಮಾನ್ಯ ಸಂಪಾದಕರೇ,

ಹೋದ ತಿಂಗಳು ಬೆಳಗಾವಿಯ ಶಹಾಪುರದ ಒಂದು ಗಲ್ಲಿಯಲ್ಲಿ ಚರಂಡಿ ಕೆಲಸ ನಡೆದಿತ್ತು. ಮಣ್ಣು ತುಂಬುತ್ತಿದ್ದ ಸ್ಕಿಡ್ ಲೋಡರ್, ಅದೇ ನಮ್ಮ ಜನ ಸಣ್ಣ ಜೆಸಿಬಿ ಅಂತಾರಲ್ಲ ಅದು, ನಟ್ಟನಡು ದಾರಿಯಲ್ಲಿ ಬಂದ್ ಬಿತ್ತು. ನಾನು ಸಂಬಂಧಿಕರ ಮನೆಗೆ ಅಂತ ಅಲ್ಲಿಗೆ ಹೋಗಿದ್ದೆ. ಉದ್ಯಮಬಾಗದಲ್ಲಿ 22 ವರ್ಷದಿಂದ ಹೈಡ್ರಾಲಿಕ್ ಪಂಪು, ಮೋಟಾರು ಬಿಚ್ಚಿ ಕಟ್ಟುವುದೇ ನನ್ನ ಕೆಲಸ. ಅಂದು ಕಂಡಿದ್ದನ್ನು ಬರೆಯದೆ ಇರೋಕೆ ಆಗಲಿಲ್ಲ.

ಸ್ವಲ್ಪ ಹೊತ್ತಿಗೆ ಟ್ರ್ಯಾಕ್ಟರ್ ಬಂತು. ಚೈನ್ ಬಿಗಿದರು. 'ಏ, ನ್ಯೂಟ್ರಲ್ ಹಾಕೋ, ಜಗ್ಗೂಣು' ಅಂತ ಯಾರೋ ಕೂಗಿದರು. ಲೋಡರ್‌ನ ಡ್ರೈವರ್ ಹುಡುಗ ಎರಡೂ ಹ್ಯಾಂಡಲ್ ನಡುವಿಗೆ ತಂದು ಕೂತ. ಟ್ರ್ಯಾಕ್ಟರ್ ಜಗ್ಗಿತು. ಲೋಡರ್‌ನ ನಾಲ್ಕು ಗಾಲಿಯಲ್ಲಿ ಒಂದೂ ತಿರುಗಲಿಲ್ಲ. ಕಾಂಕ್ರೀಟಿನ ಮೇಲೆ ಎರಡು ಕಪ್ಪು ಪಟ್ಟಿ ಮೂಡಿದವು, ರಬ್ಬರ್ ಸುಟ್ಟ ವಾಸನೆ ಬಂತು, ಮೂರನೇ ಸಲ ಜಗ್ಗಿದಾಗ ಚೈನ್ ತುಂಡಾಗಿ ಒಂದು ಮನೆಯ ಗೋಡೆಗೆ ಬಡಿದು ಗಿಲಾವು ಕಿತ್ತುಕೊಂಡು ಬಂತು. ಆ ಗೋಡೆ ಪಕ್ಕದ ಕಟ್ಟೆ ಮೇಲೆ ಮಕ್ಕಳು ಕೂತು ತಮಾಷೆ ನೋಡುತ್ತಿದ್ದರು. ಅವರಿಗೂ ಆ ಚೈನಿಗೂ ನಡುವೆ ಒಂದು ಮೊಳ ಇರಲಿಲ್ಲ. ನನ್ನ ಕೈಕಾಲು ಇನ್ನೂ ತಣ್ಣಗಾಗುತ್ತವೆ ಅದನ್ನು ನೆನೆದರೆ.

ಡ್ರೈವರ್ ಹುಡುಗನ ತಪ್ಪಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಟ್ರ್ಯಾಕ್ಟರಿಗೆ, ಲಾರಿಗೆ ಇರುವಂಥ ನ್ಯೂಟ್ರಲ್ ಈ ಗಾಡಿಗೆ ಇಲ್ಲ. ಎಂಜಿನ್‌ಗೂ ಗಾಲಿಗೂ ನಡುವೆ ಕ್ಲಚ್ಚೂ ಇಲ್ಲ, ಗೇರ್ ಬಾಕ್ಸೂ ಇಲ್ಲ, ಇರುವುದು ಎಣ್ಣೆ. ಎಂಜಿನ್ ಎರಡು ಪಂಪು ತಿರುಗಿಸುತ್ತದೆ, ಎಡಕ್ಕೆ ಒಂದು, ಬಲಕ್ಕೆ ಒಂದು. ಆ ಎಣ್ಣೆ ಹೋಗಿ ಆಯಾ ಬದಿಯ ಮೋಟಾರು ತಿರುಗಿಸುತ್ತದೆ, ಮೋಟಾರಿನಿಂದ ಒಳಗಿನ ಚೈನ್ ಮೂಲಕ ಆ ಬದಿಯ ಮುಂದಿನ ಹಿಂದಿನ ಗಾಲಿ ಎರಡೂ ಒಟ್ಟಿಗೆ ತಿರುಗುತ್ತವೆ. ಇದನ್ನೇ ಹೈಡ್ರೋಸ್ಟಾಟಿಕ್ ಡ್ರೈವ್ ಅನ್ನುವುದು. ಹ್ಯಾಂಡಲ್ ನಡುವೆ ಇದ್ದರೆ ಪಂಪಿನ ಒಳಗಿನ ತಟ್ಟೆ ನೆಟ್ಟಗೆ ನಿಲ್ಲುತ್ತದೆ, ಎಣ್ಣೆಯ ದಾರಿ ಮುಚ್ಚುತ್ತದೆ. ಇಂಜೆಕ್ಷನ್ ಸಿರಿಂಜಿಗೆ ನೀರು ತುಂಬಿ ಮೂತಿಗೆ ಬೆರಳಿಟ್ಟು ಒತ್ತಿ ನೋಡಿ, ಒಳಗೆ ಹೋಗುತ್ತಾ? ಗಾಲಿಯ ಕಥೆಯೂ ಅಷ್ಟೇ. ಇದರ ಜೊತೆಗೆ ಬಹಳಷ್ಟು ಗಾಡಿಗಳಲ್ಲಿ ಬ್ರೇಕು ಸ್ಪ್ರಿಂಗಿನಿಂದ ಹಿಡಿಯುತ್ತದೆ, ಎಣ್ಣೆಯ ಒತ್ತಡದಿಂದ ಬಿಡುತ್ತದೆ. ಎಂಜಿನ್ ಬಂದ್ ಆದರೆ ಒತ್ತಡ ಇಲ್ಲ, ಬ್ರೇಕು ಕಚ್ಚಿಕೊಂಡೇ ಇರುತ್ತದೆ.

ಅಂದು ಕೆಲಸ ಅಲ್ಲಿಗೇ ಮುಗಿಯಲಿಲ್ಲ. ಸ್ವಲ್ಪ ತಿಳಿದವನೊಬ್ಬ ಬಂದು ಪಂಪಿನ ಬೈಪಾಸ್ ಬೋಲ್ಟ್, ಅಂದರೆ ಮುಚ್ಚಿಕೊಂಡ ಎಣ್ಣೆಗೆ ಬೇರೆ ದಾರಿ ಬಿಡುವ ಬೋಲ್ಟ್, ಸಡಿಲ ಮಾಡಿದ, ಬ್ರೇಕನ್ನೂ ಬಿಡಿಸಿದ. ಗಾಲಿ ತಿರುಗಿದವು, ಜನ ಶಿಳ್ಳೆ ಹೊಡೆದರು. ಟ್ರ್ಯಾಕ್ಟರಿನವನು ಅದೇ ಖುಷಿಯಲ್ಲಿ ಎರಡು ಕಿಲೋಮೀಟರ್ ದೂರದ ಯಾರ್ಡಿನವರೆಗೆ ಒಂದೇ ಉಸಿರಿಗೆ ಎಳೆದುಕೊಂಡು ಹೋದ. ಬೈಪಾಸ್ ಇರುವ ಗಾಡಿಯಲ್ಲೂ ಅದು ಇರುವುದು ಕೆಲವೇ ಮೀಟರ್, ನಡಿಗೆಗಿಂತ ನಿಧಾನವಾಗಿ ಸರಿಸಲು. ಗಾಲಿ ತಿರುಗಿದರೆ ಒಳಗಿನ ಮೋಟಾರೂ ತಿರುಗುತ್ತದೆ, ಆದರೆ ಎಂಜಿನ್ ಬಂದ್ ಇದ್ದಾಗ ಈ ಡ್ರೈವಿಗೆ ಎಣ್ಣೆ ತುಂಬಿಸುವ ಸಣ್ಣ ಚಾರ್ಜ್ ಪಂಪೂ ಬಂದ್, ಹೊಸ ಎಣ್ಣೆ ಕೊಡುವವರು ಯಾರೂ ಇಲ್ಲ. ಮೋಟಾರು ಒಣಗಿ ತಿರುಗುತ್ತದೆ. ಇನ್ನೊಂದು ಮಾತು, ಬ್ರೇಕು ಬಿಡಿಸಿದ ಮೇಲೆ ಆ ಗಾಡಿಗೆ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ. ಸಣ್ಣದು ಅಂತ ಕಂಡರೂ ಮೂರು ಟನ್ನಿನ ಹತ್ತಿರದ ಕಬ್ಬಿಣ ಅದು. ಇಳಿಜಾರಿನಲ್ಲಿ ಓಡಿ ಟ್ರ್ಯಾಕ್ಟರಿಗೇ ಬಂದು ಗುದ್ದಿದ್ದರೆ?

ನಾಲ್ಕು ದಿನದ ಮೇಲೆ ಅದೇ ಗಾಡಿಯ ಮೋಟಾರು ನಮ್ಮ ಬೆಂಚಿಗೆ ಬಂತು. ಫಿಲ್ಟರ್ ಕತ್ತರಿಸಿ ಬಿಳಿ ಬಟ್ಟೆ ಮೇಲೆ ಹರಡಿದೆ. ಅರಿಶಿನ ಚೆಲ್ಲಿದ ಹಾಗೆ ಹಿತ್ತಾಳೆ ಬಣ್ಣದ ಪುಡಿ. ಪಿಸ್ಟನ್ ತುದಿಯ ಪಾದಗಳು, ಕನ್ನಡಿ ಹಾಗೆ ಹೊಳೆಯಬೇಕಾದವು, ಉಗುರು ತಾಗಿಸಿದರೆ ಗೀರು ಸಿಗುತ್ತಿತ್ತು. ಇನ್ನು ಎಂಜಿನ್ ಯಾಕೆ ನಿಂತಿತ್ತು ಗೊತ್ತಾ? ಡೀಸೆಲ್ ಪೈಪಿನ ಒಂದು ಕ್ಲಾಂಪ್ ಸಡಿಲಾಗಿ ಗಾಳಿ ಹೊಕ್ಕಿತ್ತು. ಗಾಳಿ ತೆಗೆದು ಸ್ಟಾರ್ಟ್ ಮಾಡೋದು 20 ನಿಮಿಷದ ಕೆಲಸ. ಎಂಜಿನ್ ಎದ್ದಿದ್ದರೆ ಬ್ರೇಕು ತಾನಾಗಿಯೇ ಬಿಡುತ್ತಿತ್ತು, ಗಾಡಿ ತನ್ನ ಕಾಲ ಮೇಲೆ ನಡೆದು ಹೋಗುತ್ತಿತ್ತು.

ಹಾಗಾಗಿ ನಾನು ಎಲ್ಲರಿಗೂ ಮೊದಲು ಹೇಳುವುದು, ಚೈನ್ ತರುವ ಮುಂಚೆ ಎಂಜಿನ್ ನೋಡಿ. ಡೀಸೆಲ್, ಬ್ಯಾಟರಿ, ಫ್ಯೂಸು. ಎಂಜಿನ್ ಓಡುತ್ತಿದ್ದೂ ಗಾಡಿ ಚಲಿಸದಿದ್ದರೆ ಸೀಟಿನ ಸ್ವಿಚ್ಚು ಮತ್ತು ತೊಡೆಯ ಮೇಲೆ ಬರುವ ಬಾರ್ ನೋಡಿ, ಅದು ಸರಿಯಾಗಿ ಕೂರದಿದ್ದರೂ ಗಾಡಿ ಹಟ ಹಿಡಿಯುತ್ತದೆ. ನಿಜವಾಗಿ ಕೆಟ್ಟಿದ್ದರೆ ಹೈಡ್ರಾ ಕ್ರೇನ್ ತರಿಸಿ, ಎತ್ತಲು ಗುರುತು ಮಾಡಿರುವ ಜಾಗಕ್ಕೇ ಬೆಲ್ಟು ಹಾಕಿ ಎತ್ತಿ ಲಾರಿಗೆ ಇಡಿ. ಎತ್ತುವಾಗ ಒಳಗೆ ಯಾರೂ ಕೂರಬಾರದು. ಲೋಡರ್‌ನ ಬಕೆಟ್ ಎತ್ತುವ ತೋಳು ಮೇಲೆ ನಿಂತಿದ್ದರೆ ಅದರ ಕೆಳಗೆ ತಲೆ ಹಾಕಲೇಬೇಡಿ, ಮೊದಲು ಸಪೋರ್ಟ್ ಕೊಡಿ. ಬೈಪಾಸೇ ಇಲ್ಲದ ಗಾಡಿಗಳೂ ಇವೆ. ಅವನ್ನು ಎಳೆಯುವ ವಿಧಾನವೇ ಇಲ್ಲ ಅಂತ ಕಂಪನಿಯ ಪುಸ್ತಕದಲ್ಲೇ ಬರೆದಿರುತ್ತದೆ. ಲಾರಿ ಏರಿಸಲು ನಾಲ್ಕು ಹೆಜ್ಜೆ ಜಾರಿಸಬಹುದು ಅಷ್ಟೇ, ಅದೂ ಗಾಡಿಯ ತೂಕಕ್ಕಿಂತ ಒಂದೂವರೆ ಪಟ್ಟು ತಾಳುವ ಚೈನಿನಿಂದ. ಗಾಲಿ ಕೆಳಗೆ ಸೋಪಿನ ನೀರು ಸುರಿದರೆ ಟೈರಿನ ಸವೆತ ಕಡಿಮೆ, ಇದು ನನ್ನ ಅನುಭವ. ಜಗ್ಗುವಾಗ ಜನ ಚೈನಿನ ಉದ್ದಕ್ಕಿಂತ ದೂರ ನಿಲ್ಲಬೇಕು.

ಈ ಗಾಡಿ ಹುಟ್ಟಿದ್ದೇ ಇಕ್ಕಟ್ಟಿನ ಜಾಗಕ್ಕೆ. ಅಮೆರಿಕದ ಮಿನೆಸೋಟಾದಲ್ಲಿ ಕೆಲ್ಲರ್ ಅಣ್ಣತಮ್ಮಂದಿರು 1957ರಲ್ಲಿ ಟರ್ಕಿ ಕೋಳಿಗಳ ಕೊಟ್ಟಿಗೆಯ ಗೊಬ್ಬರ ಬಾಚಲು ಇಂಥದ್ದನ್ನು ಮೊದಲು ಮಾಡಿದರು. ನಮ್ಮ ಶಹಾಪುರ, ಖಡೇಬಜಾರದಂಥ ಓಣಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಆದರೆ ಇಕ್ಕಟ್ಟಿನಲ್ಲಿ ಕೆಟ್ಟು ನಿಂತರೆ ಇಡೀ ಓಣಿ ಬಂದ್, ಅಂದು ಗರ್ಭಿಣಿಯನ್ನು ಕರೆದೊಯ್ಯುತ್ತಿದ್ದ ಒಂದು ಆಟೋ ಹಿಂದಕ್ಕೆ ಹೋಗಬೇಕಾಯಿತು.

ನನ್ನ ಕೋರಿಕೆ ದೊಡ್ಡದಲ್ಲ. ನಾನು ನೋಡಿದ ಗಾಡಿಗಳಲ್ಲಿ ಪುಸ್ತಕ ಇಂಗ್ಲಿಷಿನಲ್ಲಿದೆ, ಅದೂ ಮಾಲೀಕರ ಮನೆಯ ಕಪಾಟಿನಲ್ಲಿ. ಕೆಟ್ಟರೆ ಏನು ಮಾಡಬೇಕು ಅನ್ನುವ ಒಂದೇ ಒಂದು ಪುಟ ಕನ್ನಡದಲ್ಲಿ ಕ್ಯಾಬಿನ್ ಒಳಗೆ ಇರಲಿ. ನಮ್ಮ ಕಡೆ ಮರಾಠಿ ಓದುವ ಡ್ರೈವರ್‌ಗಳೂ ಇದ್ದಾರೆ, ಅವರಿಗೆ ಮರಾಠಿಯಲ್ಲೂ ಇರಲಿ. ಬೈಪಾಸ್ ಇದೆಯೋ ಇಲ್ಲವೋ, ಎಲ್ಲಿದೆ, ಬೆಲ್ಟು ಎಲ್ಲಿ ಹಾಕಬೇಕು, ಕ್ರೇನ್‌ನವರ ನಂಬರ್ ಯಾವುದು, ಇಷ್ಟು ಸಾಕು. ಓಣಿಯೊಳಗಿನ ಕೆಲಸದ ಟೆಂಡರಿನಲ್ಲಿ ಪಾಲಿಕೆಯವರು ಈ ಪುಟ ಕಡ್ಡಾಯ ಅಂತ ಒಂದು ಸಾಲು ಸೇರಿಸಿದರೆ ಗುತ್ತಿಗೆದಾರರು ತಾವಾಗಿಯೇ ಮಾಡುತ್ತಾರೆ. ಪಂಪು, ವಾಲ್ವು ಮಾಡಿ ಹೊರಗೆ ಕಳಿಸುವ ಊರು ನಮ್ಮದು. ಇಷ್ಟು ಬರೆದು ಕೊಡುವವರು ಇಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ.

ನಮ್ಮ ವರ್ಕ್‌ಶಾಪಿಗೆ ಬರುವ ಗಾಡಿಗಳಿಗೆ ನಾನೇ ಕೈಬರಹದಲ್ಲಿ ಬರೆದು ಪ್ಲಾಸ್ಟಿಕ್ ಹಾಕಿಸಿ ಅಂಟಿಸಲು ಶುರು ಮಾಡಿದ್ದೇನೆ. ಮೊದಲ ಹಾಳೆ ಆ ಶಹಾಪುರದ ಹುಡುಗನ ಗಾಡಿಗೇ ಹಾಕಿದ್ದು. ಅವನು ಓದಿ, 'ಅಣ್ಣಾ, ಇದು ಅವತ್ತೇ ಇದ್ದಿದ್ರ ನಾ ಚೈನ್ ಕಟ್ಟಾಕ ಬಿಡತಿರಲಿಲ್ಲ' ಅಂದ.

ಇಂತಿ,
ಒಬ್ಬ ಹೈಡ್ರಾಲಿಕ್ ಮೆಕ್ಯಾನಿಕ್
ಉದ್ಯಮಬಾಗ, ಬೆಳಗಾವಿ