"ಇದರಲ್ಲಿ ಮೀನಿದೆಯಾ?" ಎಂದು ಕೇಳದೆ ಉಂಡ ಊಟ

ಜಪಾನಿನಲ್ಲಿರುವ ಸಸ್ಯಾಹಾರಿಗಳಾದ ನಾವು ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಬರೀ ತರಕಾರಿ ಅಂದುಕೊಂಡು ಬಾಯಿಗಿಟ್ಟರೆ ಅದನ್ನು ಬೇಯಿಸಿದ್ದು ಒಣಮೀನಿನ ದಾಶಿ ಎಂಬ ತಿಳಿಸಾರಿನಲ್ಲಿ. ಉದೋನ್ ಎಂಬ ದಪ್ಪ ನೂಡಲ್ಸ್‌ನಲ್ಲೂ ಅದೇ, ಮಿಸೊ ಸಾರಿನಲ್ಲೂ ಅದೇ. ಊರಿನಿಂದ ಅಮ್ಮ ಬಂದಾಗಲಂತೂ ಹೊರಗೆ ಊಟ ಎಂದರೆ ನನಗೆ ಆತಂಕ.

ಅದಕ್ಕೇ ಈ ಸಲ ಅವರನ್ನು ಕೋಯಾಸಾನ್‌ಗೆ ಕರೆದುಕೊಂಡು ಹೋದೆ. ಒಸಾಕಾದ ನಂಬಾದಿಂದ ರೈಲು, ಕೊನೆಗೆ ಕಡಿದಾದ ಬೆಟ್ಟ ಹತ್ತುವ ಕೇಬಲ್ ಕಾರು. ಸುಮಾರು 800 ಮೀಟರ್ ಎತ್ತರದಲ್ಲಿ ಒಂದಿಡೀ ದೇವಸ್ಥಾನಗಳ ಊರು. ಕೋಬೋ ದೈಶಿ ಎಂದು ಜನ ಪೂಜಿಸುವ ಬೌದ್ಧ ಗುರು ಕೂಕಾಯ್ ಅವರಿಗೆ 816ರಲ್ಲಿ ಚಕ್ರವರ್ತಿ ಕೊಟ್ಟ ಜಾಗ. ಈಗ 117 ದೇವಾಲಯಗಳಿವೆ. ಸುಮಾರು ಐವತ್ತರಲ್ಲಿ ಉಳಿಯಲು ಕೋಣೆ, ಉಣ್ಣಲು ಶೋಜಿನ್ ರ್‍ಯೋರಿ, ಅಂದರೆ ಬೌದ್ಧ ಭಿಕ್ಷುಗಳ ಸಸ್ಯಾಹಾರದ ಊಟ ಸಿಗುತ್ತದೆ.

ಸಂಜೆ ಆರಕ್ಕೇ ಊಟ. ಚಾಪೆಯ ಮೇಲೆ ಕೂತೆವು. ಕಿರಿಯ ಭಿಕ್ಷು ಒಬ್ಬರು ಗಿಡ್ಡ ಕಾಲಿನ ಕೆಂಪು ಮಣೆಗಳನ್ನು ತಂದಿಟ್ಟರು. ಮಾಂಸ, ಮೀನು ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ಕೂಡ ಇಲ್ಲ! ಅಮ್ಮನಿಗೆ ಇದನ್ನು ಹೇಳಿದಾಗ, "ಹಾಗಾದ್ರೆ ನಮ್ಮ ಹಬ್ಬದ ಅಡುಗೆಯೇ ಅಲ್ವಾ" ಎಂದರು. ಸಾರಿನ ರುಚಿ ಕೊಂಬು ಎಂಬ ಕಡಲಪಾಚಿ ಮತ್ತು ಒಣ ಶಿಟಾಕೆ ಅಣಬೆಯದು.

ನಾನು ತುಂಬಾ ಹೊತ್ತು ನೋಡಿದ್ದು ಗೋಮಾದೋಫುವನ್ನು. ಹೆಸರಿಗೆ ತೋಫು, ಅಂದರೆ ಸೋಯಾ ಪನೀರು, ಆದರೆ ಇದರಲ್ಲಿ ಸೋಯಾ ಇಲ್ಲವೇ ಇಲ್ಲ. ಎಳ್ಳನ್ನು ನುಣ್ಣಗೆ ಅರೆದು, ಕುಜು ಎಂಬ ಬಳ್ಳಿಯ ಬೇರಿನ ಹಿಟ್ಟು ಮತ್ತು ನೀರು ಸೇರಿಸಿ, ಒಲೆಯ ಮೇಲೆ ಕೈಬಿಡದೆ ತಿರುವಬೇಕು. ಥೇಟ್ ಹಾಲುಬಾಯಿ ಕಾಸುವ ಹಾಗೆ. ಬಿಳಿಯ ಪುಟ್ಟ ತುಂಡು, ಮೇಲೊಂದು ಚಿಟಿಕೆ ವಸಾಬಿ ಎಂಬ ಖಾರದ ಹಸಿರು ಮುದ್ದೆ. ಚಾಪ್‌ಸ್ಟಿಕ್ ತಾಗಿದರೆ ನಡುಗುತ್ತದೆ. ನಾಲಿಗೆಯ ಮೇಲೆ ಕರಗಿದ ಮೇಲೂ ಎಳ್ಳಿನ ಘಮ ಉಳಿಯುತ್ತದೆ. ಪಕ್ಕದಲ್ಲಿ ಕೋಯಾ ದೋಫು. ಚಳಿಗೆ ಹೆಪ್ಪುಗಟ್ಟಿದ ತೋಫುವಿನಿಂದ ಹುಟ್ಟಿದ್ದಂತೆ. ಸ್ಪಂಜಿನಂತೆ ಸಾರನ್ನೆಲ್ಲ ಹೀರಿಕೊಂಡಿರುತ್ತದೆ. ಕಚ್ಚಿದರೆ ಬಾಯಿತುಂಬ ರಸ. ಅಮ್ಮ ಇನ್ನೊಮ್ಮೆ ಅನ್ನ ಹಾಕಿಸಿಕೊಂಡರು. ಅವರು ಈ ದೇಶದಲ್ಲಿ ಹೀಗೆ ನೆಮ್ಮದಿಯಿಂದ ಉಂಡದ್ದನ್ನು ನಾನು ಅವತ್ತೇ ನೋಡಿದ್ದು.

ಮರುದಿನ ಕೂಕಾಯ್ ಅವರ ಸಮಾಧಿ ಇರುವ ಓಕುನೋಯಿನ್‌ಗೆ ನಡೆದೆವು. ಎರಡು ಕಿಲೋಮೀಟರ್ ದಾರಿ, ಇಕ್ಕೆಲದಲ್ಲೂ ದೇವದಾರುವಿನಂಥ ಭಾರಿ ಸುಗಿ ಮರಗಳು, ಪಾಚಿ ಕಟ್ಟಿದ ಸಮಾಧಿಗಳು. ಕೂಕಾಯ್ 835ರಿಂದ ಅಲ್ಲಿ ಧ್ಯಾನದಲ್ಲೇ ಇದ್ದಾರೆ ಎಂಬುದು ಭಕ್ತರ ನಂಬಿಕೆ. ಅದಕ್ಕೇ ಅವರಿಗೆ ದಿನಕ್ಕೆ ಎರಡು ಸಲ ಊಟ ಹೋಗುತ್ತದೆ. ಹತ್ತೂವರೆಗೆ ಭಿಕ್ಷುಗಳು ಬಿಳಿ ಮರದ ಪೆಟ್ಟಿಗೆ ಹೊತ್ತು ಬಂದರು. ಸೇತುವೆಯ ಹತ್ತಿರ ಊಟದ ರುಚಿ ನೋಡುವ ಜಿಜೋ ಎಂಬ ಬೋಧಿಸತ್ವನ ಪುಟ್ಟ ಗುಡಿ ಇದೆ. ಮೊದಲು ಅಲ್ಲಿ ತೋರಿಸಿ, ಆಮೇಲೆ ಸೇತುವೆ ದಾಟಿದರು.

"ಮಂತ್ರಾಲಯದಲ್ಲಿ ರಾಯರು ಇದ್ದಾರಲ್ಲ, ಹಾಗೇನಾ?" ಎಂದು ಅಮ್ಮ ಕೇಳಿದರು. ಹೌದು ಅಂದೆ. ಚಪ್ಪಲಿ ಬದಿಗೆ ಬಿಟ್ಟು, ಆ ತಣ್ಣನೆ ಕಲ್ಲಿನ ಮೇಲೆ ನಿಂತು ಕೈಮುಗಿದರು.