ಹೊಸ ಕೆಲಸಕ್ಕೆ ಸೇರಿದ ಪುಟ್ಟಿಗೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ನಿನ್ನ ಕಾಗದ ಓದಿದೆ. ಬೆಳಗ್ಗೆ ಹೇಳಿಕೊಟ್ಟದ್ದು ಮಧ್ಯಾಹ್ನಕ್ಕೆ ಇರುವುದಿಲ್ಲ, ಕೇಳಿದ್ದನ್ನೇ ಮತ್ತೆ ಕೇಳಲು ನಾಚಿಕೆ, ಪಕ್ಕದಲ್ಲಿ ಕೂರುವವರ ಹೆಸರೂ ನಾಲಿಗೆಗೆ ಬರುವುದಿಲ್ಲ ಎಂದು ಬರೆದಿದ್ದೀಯ. ತಲೆಗೆ ಪೆಟ್ಟು ಬಿದ್ದ ಮೇಲೆ ನೀನು ಎಷ್ಟು ಕಷ್ಟಪಟ್ಟು ಎದ್ದು ನಿಂತೆ ಎಂಬುದನ್ನು ಕಣ್ಣಾರೆ ಕಂಡವಳು ನಾನು. ಈ ಕೆಲಸ ನನ್ನಿಂದಾಗದು ಎಂದು ಈಗಲೇ ತೀರ್ಮಾನಿಸಬೇಡ ಮಗಳೇ.

ಹೊಸ ಜಾಗದಲ್ಲಿ ಮರೆವು ಎಲ್ಲರಿಗೂ ಇದ್ದದ್ದೇ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ತನ್ನ ಮೇಲೆಯೇ ಪರೀಕ್ಷೆ ನಡೆಸಿ 1885ರಲ್ಲಿ ಪ್ರಕಟಿಸಿದ. ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು ಅಳಿಸಿಹೋಗಿತ್ತು. ಹೊಸಬರಿಗೆ ಹತ್ತು ಹೆಜ್ಜೆಯ ಕೆಲಸವನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರೆ ಯಾರ ತಲೆಯಲ್ಲೂ ಅದು ನಿಲ್ಲುವುದಿಲ್ಲ. ನಿನಗೆ ಅದು ಇನ್ನಷ್ಟು ಕಷ್ಟ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆಫೀಸಿಗೆ ಬೇಕಾದದ್ದು ಕೆಲಸ ಸರಿಯಾಗಿ ಆಗುವುದು; ಅದು ನಿನ್ನ ತಲೆಯಿಂದ ಬಂತೋ ಪುಸ್ತಕದಿಂದ ಬಂತೋ ಎಂಬುದಲ್ಲ.

ಆದ್ದರಿಂದ ಒಂದೇ ಒಂದು ನೋಟ್‌ಬುಕ್ ಇಟ್ಟುಕೋ. ಚೀಟಿ ಒಂದು ಕಡೆ, ಫೋನಿನಲ್ಲಿ ಅರ್ಧ, ಅಂಗೈ ಮೇಲೆ ಇನ್ನರ್ಧ ಬೇಡ, ಹುಡುಕುವುದೇ ಇನ್ನೊಂದು ಕೆಲಸವಾಗುತ್ತದೆ. ಯಾರಾದರೂ ಹೇಳಿಕೊಡುವಾಗ ಅವರ ಎದುರೇ ಬರೆದುಕೊಂಡು, "ನನಗೆ ಅರ್ಥವಾದದ್ದು ಹೀಗೆ, ಸರಿಯಾ?" ಎಂದು ಓದಿ ಹೇಳು. ತಪ್ಪಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ, ಎರಡನೇ ಸಲ ಕೇಳುವ ಮುಜುಗರವೂ ಕಡಿಮೆ. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬರೆಯಬೇಡ.

ಎಲ್ಲಕ್ಕಿಂತ ಹೆಚ್ಚು ಎಡವುವುದು ಕೆಲಸದ ನಡುವೆ ಯಾರಾದರೂ ಕರೆದಾಗ. ಫೋನ್ ಬಂತು, ಎದ್ದು ಹೋದೆ, ವಾಪಸ್ ಬಂದಾಗ ಎಲ್ಲಿ ನಿಲ್ಲಿಸಿದ್ದೆ ಎಂಬುದೇ ಗೊತ್ತಿಲ್ಲ. ತಲೆ ಎತ್ತುವ ಮೊದಲು ಮುಂದಿನ ಹೆಜ್ಜೆಯನ್ನು ನಾಲ್ಕು ಪದಗಳಲ್ಲಿ ಬರೆದುಬಿಡು: "ಮೂರನೇ ಸಾಲಿನ ಮೊತ್ತ ನೋಡಬೇಕು." "ಒಂದು ನಿಮಿಷ" ಎಂದರೆ ಯಾರೂ ಬೇಸರಪಡುವುದಿಲ್ಲ. ಬೇಸರಪಟ್ಟರೂ ಪರವಾಗಿಲ್ಲ, ಬರೆದೇ ಏಳು.

ಪುಸ್ತಕ ನೋಡಿ ಕೆಲಸ ಮಾಡುವುದು ಅವಮಾನ ಎಂದು ನಿನಗೆ ಅನಿಸುತ್ತಿದೆ. 1935ರಲ್ಲಿ ಬೋಯಿಂಗ್ ಕಂಪನಿಯ ಹೊಸ ವಿಮಾನವೊಂದು ಪರೀಕ್ಷಾ ಹಾರಾಟದಲ್ಲೇ ಬಿದ್ದುಹೋಯಿತು. ನಡೆಸುತ್ತಿದ್ದವರು ನುರಿತ ಪೈಲಟ್‌ಗಳೇ. ಹಾರುವ ಮೊದಲು ನಿಯಂತ್ರಣದ ಲಾಕ್ ತೆಗೆಯುವುದು ತಪ್ಪಿಹೋಗಿತ್ತು. ಅಲ್ಲಿಂದೀಚೆಗೆ ಪೈಲಟ್‌ಗಳು ಮಾಡಬೇಕಾದ ಕೆಲಸಗಳ ಪಟ್ಟಿ ನೋಡಿ ಹಾರಿಸುವ ಪದ್ಧತಿ ಬೇರೂರಿತು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸಕರಿಗೂ ಇಂಥದ್ದೇ ಪಟ್ಟಿ ಕೊಟ್ಟಿತು. ಪ್ರಾಣ ಕೈಯಲ್ಲಿ ಹಿಡಿದವರು ಪಟ್ಟಿ ನೋಡುವಾಗ ನಿನಗೇಕೆ ಸಂಕೋಚ?

ಇನ್ನೊಂದು ಮಾತು. ಪುಸ್ತಕ ಮುಚ್ಚಿ ನೆನಪಿಸಿಕೊಂಡರೆ ಪಾಠ ಗಟ್ಟಿಯಾಗುತ್ತದೆ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಾರೆ, ಅದು ನಿಜ. ಆದರೆ ನೆನಪಿನ ಶಕ್ತಿಗೆ ತೀವ್ರ ಪೆಟ್ಟು ಬಿದ್ದವರ ವಿಷಯ ಬೇರೆ. ಅವರು ಊಹಿಸಿ ತಪ್ಪು ಮಾಡಿದರೆ ಆ ತಪ್ಪೇ ಅಂಟಿಕೊಳ್ಳಬಹುದು ಎಂದು ಬ್ಯಾಡ್ಲಿ ಮತ್ತು ವಿಲ್ಸನ್ ಎಂಬ ಮನೋವಿಜ್ಞಾನಿಗಳು 1994ರಲ್ಲಿ ತೋರಿಸಿದರು. ನಿನಗೆ ಯಾವುದು ಹೊಂದುತ್ತದೆ ಎಂದು ಡಾಕ್ಟರನ್ನು ಕೇಳು. ಅಲ್ಲಿಯವರೆಗೆ ಅನುಮಾನ ಬಂದರೆ ಊಹಿಸಬೇಡ, ನೋಡಿಯೇ ಮಾಡು.

ದಿನವೂ ಅದೇ ಕ್ರಮದಲ್ಲಿ ಕೆಲಸ ಶುರುಮಾಡು. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ, ಹೊಸ ನೆನಪುಗಳೇ ಉಳಿಯದ ಒಬ್ಬ ರೋಗಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುವುದನ್ನು ಕಲಿಸಿದರು. ಹಿಂದೆ ಅದನ್ನು ಮಾಡಿದ್ದೇ ಅವನಿಗೆ ನೆನಪಿರಲಿಲ್ಲ, ಆದರೂ ಕೈ ದಿನದಿನಕ್ಕೆ ಪಳಗುತ್ತಾ ಹೋಯಿತು. ಇದನ್ನು ಓದಿದಾಗಲೆಲ್ಲ ನನಗೆ ನಿನ್ನ ಬಗ್ಗೆ ಧೈರ್ಯ ಬರುತ್ತದೆ.

ಮ್ಯಾನೇಜರಿಗೆ ಹೇಳಬೇಕೇ ಎಂದು ಕೇಳಿದ್ದೀಯ. ಹೇಳು ಎಂಬುದೇ ನನ್ನ ಅಭಿಪ್ರಾಯ, ಆದರೆ ಪೂರ್ತಿ ಚರಿತ್ರೆ ಬೇಡ. "ಬಾಯಿಮಾತಿನ ಜೊತೆಗೆ ಎರಡು ಸಾಲು ಬರೆದು ಕಳಿಸಿದರೆ ನಾನು ತಪ್ಪಿಲ್ಲದೆ ಮಾಡಿಕೊಡುತ್ತೇನೆ" ಎಂದರೆ ಸಾಕು. ಕಷ್ಟ ಹೇಳಿಕೊಳ್ಳುವುದಕ್ಕಿಂತ ಏನು ಬೇಕು ಎಂದು ಕೇಳಿದರೆ ಕೊಡುವವರಿಗೂ ಸುಲಭ.

ನಿದ್ದೆಗೆಟ್ಟು ಕೆಲಸ ಕಲಿಯಬೇಡ, ಕಲಿತದ್ದು ಗಟ್ಟಿಯಾಗಲು ನಿದ್ದೆ ಬೇಕೇ ಬೇಕು. ಮರೆವು ಮೊದಲಿಗಿಂತ ಹೆಚ್ಚಾಗಿದೆ ಅನಿಸಿದರೆ ಪೆಟ್ಟಿನ ಮೇಲೆಯೇ ಹೊರಿಸಿ ಸುಮ್ಮನಿರಬೇಡ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಕೆಲವು ಮಾತ್ರೆಗಳಿಂದಲೂ ಹಾಗಾಗುತ್ತದೆ, ಅವಕ್ಕೆಲ್ಲ ಪರಿಹಾರವಿದೆ. ಡಾಕ್ಟರ ಹತ್ತಿರ ಹೋಗುವ ದಿನ ಗೊತ್ತಾದ ಕೂಡಲೇ ತಿಳಿಸು, ನಾನೂ ಜೊತೆಗೆ ಬರುತ್ತೇನೆ. ಅವರು ಹೇಳಿದ್ದನ್ನು ಇಬ್ಬರೂ ಬರೆದುಕೊಳ್ಳೋಣ.

ನಿನ್ನ ದೊಡ್ಡಮ್ಮ